ಊರು ಕಳೆದುಕೊಂಡ ಗದ್ಯಾಣ

ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣದ ತೂಕ ನಾಲ್ಕು ಗ್ರಾಂ ಆಸುಪಾಸು. ಒಂದು ಮುಖದಲ್ಲಿ ಸಿಂಹ, ಅದರ ಮೇಲೆ ಇನ್ನೊಂದು ಪುಟ್ಟ ಸಿಂಹ, ಜೊತೆಗೆ ಸೂರ್ಯಚಂದ್ರರು. ಮತ್ತೊಂದು ಮುಖದಲ್ಲಿ ಮೂರು ಸಾಲಿನ ಕನ್ನಡ ಬರಹ: ‘ಶ್ರೀ ತಳಕಾಡುಗೊಂಡ’. ಇನ್ನೊಂದು ಬಗೆಯಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿರುತ್ತದೆ. ಚೋಳರಿಂದ ತಲಕಾಡನ್ನು ಗೆದ್ದ ಅರಸ 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದ. ಆ ಗೆಲುವನ್ನು ಚಿನ್ನದ ಮೇಲೂ ಅಚ್ಚೊತ್ತಿಸಿದ. ಬೇಲೂರನ್ನು ಕಾಣದ ವರ್ತಕನಿಗೂ ಗದ್ಯಾಣದ ಮೂಲಕ ಆ ಸುದ್ದಿ ತಲುಪಿತು.

ಇಂಥ ನಾಣ್ಯಕ್ಕೆ ಹರಾಜಿನಲ್ಲಿ ದೊಡ್ಡ ಬೆಲೆ ಕೂಗಿದರೆ ಅದರಲ್ಲಿ ಅನ್ಯಾಯವೇನಿಲ್ಲ. ಮುಂದೆ ವಿಜಯನಗರದ ಚಿನ್ನದ ನಾಣ್ಯಗಳಲ್ಲಿ ಬಹುಪಾಲು ನಾಗರಿ ಲಿಪಿಯೇ ಇದ್ದುದರಿಂದ, ಕನ್ನಡ ಅಕ್ಷರ ಹೊತ್ತ ಈ ಚಿನ್ನಕ್ಕೆ ಬೇರೆಯೇ ಘನತೆಯಿದೆ. ಉಳಿದಿರುವುದೂ ಕಡಿಮೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರನ ದಾಳಿಗೆ ಹೊಯ್ಸಳರ ರಾಜಧಾನಿ ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಸಂಪತ್ತು ಸೂರೆಹೋಯಿತು. ಅಳಿದುಳಿದ ಚಿನ್ನವನ್ನು ಕರಗಿಸಲು ಯಾವ ಕಾಲದಲ್ಲೂ ಮೂಸೆ ಸಿದ್ಧವಾಗಿಯೇ ಇತ್ತು. ಕರಗಿಸಿದರೆ ಸಿಗುವುದಕ್ಕಿಂತ ಹೆಚ್ಚು ಹಣ ಕೊಟ್ಟು ಹರಾಜು ಎಷ್ಟೋ ನಾಣ್ಯಗಳನ್ನು ಉಳಿಸಿದೆ. ಖಾಸಗಿ ಪೆಟ್ಟಿಗೆಯಲ್ಲಿದ್ದದ್ದರ ಚಿತ್ರ, ತೂಕಗಳನ್ನು ಕ್ಯಾಟಲಾಗಿನಲ್ಲಿ ಅಚ್ಚು ಹಾಕಿದೆ. ಈ ಉಪಕಾರವನ್ನು ಮರೆಯಬಾರದು.

ಆದರೆ ಅದೇ ಕ್ಯಾಟಲಾಗನ್ನು ಇನ್ನೊಮ್ಮೆ ಓದಿ. ಲೋಹ, ತೂಕ, ಸವೆತ, ‘ಅತ್ಯಪರೂಪ’ ಎಂಬ ಷರಾ, ಅಂದಾಜು ಬೆಲೆ ಎಲ್ಲವೂ ಇರುತ್ತವೆ. ನಾಣ್ಯ ಸಿಕ್ಕಿದ್ದೆಲ್ಲಿ ಎಂಬ ಸಾಲು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹರಾಜಿನ ದೊಡ್ಡ ಕೊರತೆ ಇದೇ.

ಅರಸೀಕೆರೆಯ ಹೊಲವೊಂದರಲ್ಲಿ ನೇಗಿಲಿಗೆ ಗಡಿಗೆಯೊಂದು ತಾಗಿತು ಎಂದುಕೊಳ್ಳೋಣ. ಒಳಗೆ ವಿಷ್ಣುವರ್ಧನನ ಗದ್ಯಾಣ, ಚಾಲುಕ್ಯರ ನಾಣ್ಯ, ಸೇವುಣರ ಪದ್ಮಟಂಕ ಎಲ್ಲ ಬೆರೆತಿವೆ. ಒಟ್ಟಿಗೆ ಇದ್ದರೆ ಅವು ಎಷ್ಟೊಂದು ಹೇಳುತ್ತವೆ! ಅವುಗಳಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಯಾವಾಗಿನದೋ ಗಡಿಗೆ ಹೂತದ್ದು ಅದಕ್ಕಿಂತ ಮುಂಚೆಯಂತೂ ಅಲ್ಲ. ಸವೆದ ನಾಣ್ಯ ಎಷ್ಟು, ಹೊಸದೆಷ್ಟು ಎಂದು ನೋಡಿದರೆ ಯಾವುದು ಹೆಚ್ಚು ಕಾಲ ಚಲಾವಣೆಯಲ್ಲಿತ್ತು ಎಂದು ಊಹಿಸಬಹುದು. ಸುತ್ತಮುತ್ತ ಅಂಗಡಿಬೀದಿಯ ಕುರುಹಿದೆಯೋ ಗುಡಿಯ ಅಡಿಪಾಯವಿದೆಯೋ ಎಂಬುದರಿಂದ ಅದು ಯಾರ ಗಂಟು ಎಂಬುದಕ್ಕೂ ಸುಳಿವು ಸಿಕ್ಕೀತು. ಗಡಿಗೆ ಒಡೆದು ಒಂದೊಂದೇ ನಾಣ್ಯ ಬೇರೆ ಬೇರೆ ಊರಿನ ಹರಾಜಿಗೆ ಹೋದರೆ ಇದೆಲ್ಲ ಅಲ್ಲಿಗೇ ಮುಗಿಯಿತು. ಒಂದೇ ಕಡೆ ನೂರು ಸಿಕ್ಕವೆಂದು ಗೊತ್ತಾದರೆ ‘ಅತ್ಯಪರೂಪ’ದ ಬೆಲೆ ಕುಸಿಯುವುದರಿಂದ, ಮಾರುವವನಿಗೆ ಮೌನವೇ ಲಾಭ.

ಮೂಲ ಹೇಳಿದರೆ ವ್ಯಾಪಾರ ಕೆಡುತ್ತದೆ ಎಂಬ ವಾದ ಮಾತ್ರ ನಿಲ್ಲುವುದಿಲ್ಲ. ಅಮೆರಿಕದ 1933ರ ‘ಡಬಲ್ ಈಗಲ್’ ಚಿನ್ನದ ನಾಣ್ಯ 4,45,500ರಷ್ಟು ಟಂಕಿಸಲ್ಪಟ್ಟರೂ ಚಲಾವಣೆಗೆ ಬರದೆ ಬಹುತೇಕ ಕರಗಿಹೋಯಿತು. ಟಂಕಸಾಲೆಯಿಂದ ಹೊರಬಿದ್ದ ಕೆಲವನ್ನು ಸರ್ಕಾರ ಬೆನ್ನಟ್ಟಿ ವಶಪಡಿಸಿಕೊಂಡಿತು. ಈಜಿಪ್ಟಿನ ದೊರೆ ಫಾರೂಕ್ ಬಳಿಯಿದ್ದದ್ದು ಎಂದು ನಂಬಲಾದ ಒಂದನ್ನು ಮಾತ್ರ ಖಾಸಗಿಯವರು ಇಟ್ಟುಕೊಳ್ಳಬಹುದು ಎಂದು ಒಪ್ಪಿತು. 2021ರಲ್ಲಿ ನ್ಯೂಯಾರ್ಕಿನಲ್ಲಿ ಅದು ಸುಮಾರು 1.89 ಕೋಟಿ ಡಾಲರಿಗೆ ಮಾರಾಟವಾಯಿತು. ಆ ಬೆಲೆಯಲ್ಲಿ ಚಿನ್ನದ ಪಾಲು ಅತ್ಯಲ್ಪ. ದಾಖಲೆ ಮತ್ತು ಕಾನೂನಿನ ಒಪ್ಪಿಗೆಯ ಪಾಲು ಬಹಳ ದೊಡ್ಡದು.

ನಮ್ಮಲ್ಲೂ ಕಾನೂನಿದೆ. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿ ಜಿಲ್ಲಾಧಿಕಾರಿಗೆ ಮುಟ್ಟಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಆದರೂ ನಿಧಿಗಳ್ಳರು ಪಾಳುಗುಡಿಗಳ ಗರ್ಭಗುಡಿ ಅಗೆಯುವುದು ನಿಂತಿಲ್ಲ. ಎಲ್ಲಿಯದೆಂದು ಕೇಳದೆ ಕೊಳ್ಳುವ ಕೈ ಇರುವಷ್ಟು ದಿನ ಗುದ್ದಲಿಯೂ ಇರುತ್ತದೆ.

ಆದ್ದರಿಂದ ಹೊಣೆ ಮೊದಲು ಕೊಳ್ಳುವವರ ಮೇಲಿದೆ. ಮೂಲದ ದಾಖಲೆಯಿರುವ ಗದ್ಯಾಣಕ್ಕೆ ಅವರು ಹೆಚ್ಚು ಕೂಗಲಿ, ಇಲ್ಲದ್ದಕ್ಕೆ ಕೈ ಎತ್ತದಿರಲಿ. ಕ್ಯಾಟಲಾಗಿಗೆ ಆಗ ತಾನಾಗಿಯೇ ಆ ಸಾಲು ಸೇರುತ್ತದೆ. ಅಲ್ಲಿಯವರೆಗೆ ಈ ಹರಾಜುಗಳು ಹೊಯ್ಸಳರ ಚಿನ್ನವನ್ನು ಉಳಿಸುತ್ತಿವೆ ಎನ್ನಬಹುದು. ಅವರ ಚರಿತ್ರೆಯನ್ನು ಉಳಿಸುತ್ತಿವೆ ಎನ್ನಲಾಗದು.