ಕೆಳಗೆ ಬರೆದದ್ದೇ ಗೆಲ್ಲುತ್ತದೆ

ಬ್ರೌಸರ್ ಕಿಟಕಿಯ ಅಂಚು ಹಿಡಿದು ಮೆಲ್ಲಗೆ ಒಳಕ್ಕೆ ಎಳೆಯಿರಿ. ಮೂರು ಅಂಕಣಗಳಲ್ಲಿ ಹರಡಿಕೊಂಡಿದ್ದ ಪುಟ ಎರಡಾಗಿ, ಕೊನೆಗೆ ಒಂದೇ ಆಗಿ ನಿಲ್ಲುತ್ತದೆ. ಒಂದಕ್ಷರವೂ ಅಂಚಿನಾಚೆ ಜಾರುವುದಿಲ್ಲ. 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಈ ಕಸುಬಿಗೆ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟರು. ನನಗೆ ಬೆರಗು ಹುಟ್ಟಿಸುವುದು ಮಾತ್ರ ಪರದೆಯ ಅಗಲ ನೋಡಿ ವಿನ್ಯಾಸ ಬದಲಿಸುವ ಮೀಡಿಯಾ ಕ್ವೆರಿಗಳ ಸರದಿ. ಪುಟದ ರೂಪ ತಿದ್ದುವ ಸಿಎಸ್ಎಸ್ ಭಾಷೆಯಲ್ಲಿ ಸಮಬಲದ ಎರಡು ನಿಯಮಗಳು ಎದುರಾದರೆ ಕೆಳಗೆ ಬರೆದದ್ದೇ ಗೆಲ್ಲುತ್ತದೆ. ಅದಕ್ಕೇ ಪಳಗಿದ ಕೈ ಮೊದಲು ಮೊಬೈಲಿನ ಸರಳ ವಿನ್ಯಾಸ ಬರೆದು, ಆಮೇಲೆ ಮಿನ್-ವಿಡ್ತ್ (ಕನಿಷ್ಠ ಅಗಲ) 600 ಪಿಕ್ಸೆಲ್, ಅದರ ಕೆಳಗೆ 900 ಎಂದು ಏರಿಕೆಯಲ್ಲೇ ಜೋಡಿಸುತ್ತದೆ. ಮ್ಯಾಕ್ಸ್-ವಿಡ್ತ್ (ಗರಿಷ್ಠ ಅಗಲ) ಆದರೆ ಇಳಿಕೆ. ಈ ತುಂಡುಗಳು ಅದಲುಬದಲಾಗಿ, ದೊಡ್ಡ ಪರದೆಯಲ್ಲೂ ಎರಡೇ ಅಂಕಣ ಕಂಡು ನಾನೊಮ್ಮೆ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ. ಸರದಿ ಸರಿಪಡಿಸಿದ್ದೇ ತಡ, ಮೂರನೆಯ ಅಂಕಣ ತನ್ನ ಜಾಗಕ್ಕೆ ಬಂದು ಕೂತಿತು.