ಮ್ಯಾಕ್ರೊಗೆ ಅಂಟಿದ ವೇಗದ ಹೆಸರು

ಜಿಡಗಾದಂಥ ಊರಿನಿಂದ ಕಲಬುರಗಿಗೆ ಇಂಜಿನಿಯರಿಂಗ್ ಓದಲು ಬಂದ ಹುಡುಗನೂ, ಬೆಂಗಳೂರಿನಲ್ಲಿ ಎಂಬೆಡೆಡ್ ಕೆಲಸದ ಇಂಟರ್‌ವ್ಯೂಗೆ ಕೂತವನೂ ಒಂದೇ ಪಾಠ ಒಪ್ಪಿಸುತ್ತಾರೆ: ಮ್ಯಾಕ್ರೊದಲ್ಲಿ ಫಂಕ್ಷನ್ ಕರೆಯ ಖರ್ಚಿಲ್ಲ, ಆದ್ದರಿಂದ ಅದು ವೇಗ. 1999ರ ಸಿ ಸ್ಟ್ಯಾಂಡರ್ಡ್ ಇನ್‌ಲೈನ್ ಫಂಕ್ಷನ್‌ಗೆ ಅಧಿಕೃತ ಜಾಗ ಕೊಟ್ಟು ಕಾಲು ಶತಮಾನವಾಯಿತು. ನೋಟ್ಸ್ ಮಾತ್ರ ಬದಲಾಗಿಲ್ಲ. ಆವರಣ ಮರೆತ ಸ್ಕ್ವೇರ್ ಮ್ಯಾಕ್ರೊದ ಕಥೆ ಎಲ್ಲರಿಗೂ ಗೊತ್ತಿರುವುದೇ. ನನ್ನ ತಕರಾರು ಆ ವೇಗದ ಮೇಲೆಯೇ.

ಎರಡರಲ್ಲಿ ದೊಡ್ಡದನ್ನು ಕೊಡುವ ಮ್ಯಾಕ್ಸ್ ಮ್ಯಾಕ್ರೊ ತೆಗೆದುಕೊಳ್ಳಿ. ಆವರಣಗಳೆಲ್ಲ ಸರಿಯಾಗಿಯೇ ಇರಲಿ. ಪ್ರೀಪ್ರೊಸೆಸರ್ ಲೆಕ್ಕ ಮಾಡುವುದಿಲ್ಲ, ಬರೆದದ್ದನ್ನು ಬರೆದ ಹಾಗೇ ಅಂಟಿಸುತ್ತದೆ. ಎರಡು ಸೆನ್ಸರ್ ಓದುವ ಎರಡು ಫಂಕ್ಷನ್ ಕರೆಗಳನ್ನು ಅದಕ್ಕೆ ಕೊಟ್ಟರೆ, ಹೋಲಿಕೆಗೆ ಎರಡೂ ಓಡುತ್ತವೆ; ಗೆದ್ದದ್ದು ಉತ್ತರಕ್ಕಾಗಿ ಮತ್ತೊಮ್ಮೆ ಓಡುತ್ತದೆ. ಕರೆ ಉಳಿಸಲು ಬಂದ ಮ್ಯಾಕ್ರೊ ಮೂರನೆಯ ಕರೆಯನ್ನು ತಂದಿಟ್ಟಿತು. ಅಷ್ಟರಲ್ಲಿ ಸೆನ್ಸರ್‌ನ ಅಂಕಿ ಇಳಿದಿದ್ದರೆ, ಗೆದ್ದ ಅಂಕಿ ಒಂದು, ಕೈಗೆ ಬಂದದ್ದು ಇನ್ನೊಂದು. ಅದೇ ಮ್ಯಾಕ್ರೊವನ್ನು ಒಂದರೊಳಗೊಂದು ಹೂಡಿ ನಾಲ್ಕು ಸೆನ್ಸರ್‌ಗಳ ಗರಿಷ್ಠ ಹುಡುಕಿ: ಮೊದಲು 3, ಆಮೇಲೆ 7, ಕೊನೆಗೆ 15 ಕರೆಗಳವರೆಗೆ ಹೋಗಬಹುದು. ಇನ್‌ಲೈನ್ ಫಂಕ್ಷನ್‌ಗೆ ನಾಲ್ಕೇ ಸಾಕು, ಏಕೆಂದರೆ ಆರ್ಗ್ಯುಮೆಂಟಿನ ಬೆಲೆ ಒಳಗೆ ಹೋಗುವ ಮುನ್ನ ಒಂದೇ ಸಲ ತೀರ್ಮಾನವಾಗಿರುತ್ತದೆ.

ತಾತ್ಕಾಲಿಕ ವೇರಿಯಬಲ್ ಇಟ್ಟು ಇದನ್ನು ತಡೆಯಬಹುದಲ್ಲ ಎನ್ನುವವರಿದ್ದಾರೆ. ಲಿನಕ್ಸ್ ಕರ್ನಲ್ ಹಾಗೇ ಮಾಡಿತು, ಜೊತೆಗೆ ಟೈಪ್ ತಪಾಸಣೆಯನ್ನೂ ಸೇರಿಸಿತು. ಆದರೆ 2024ರಲ್ಲಿ ಅದೇ ಕರ್ನಲ್‌ನ ಕ್ಸೆನ್ ವಿಭಾಗದ ಒಂದೇ ಸಾಲು, ಚಿಕ್ಕದನ್ನು ಕೊಡುವ ಮಿನ್ ಒಳಗೆ ಮಿನ್ ಬಂದದ್ದಕ್ಕೆ, ಪ್ರೀಪ್ರೊಸೆಸರ್ ದಾಟುವಾಗ ಸುಮಾರು 47 ಎಂಬಿಗೆ ಉಬ್ಬಿ ಕಂಪೈಲ್ ಸಮಯವನ್ನು ತಿಂದಿತು. ಲಿನಸ್ ಟೊರ್ವಾಲ್ಡ್ಸ್ ಆ ಮ್ಯಾಕ್ರೊಗಳನ್ನು ಸರಳಗೊಳಿಸಬೇಕಾಯಿತು.

‘ಲ್ಯಾಬ್‌ನಲ್ಲಿ ಅಳೆದೇ ನೋಡಿದ್ದೇವೆ, ಮ್ಯಾಕ್ರೊ ಗೆದ್ದಿತು’ ಎಂಬ ವಾದ ಅದಕ್ಕಿಂತ ದುರ್ಬಲ. ಆಪ್ಟಿಮೈಸೇಶನ್ ಹಾಕದೆ ಕಂಪೈಲ್ ಮಾಡಿದರೆ, ಒತ್ತಾಯಿಸದ ಹೊರತು, ಜಿಸಿಸಿ ಇನ್‌ಲೈನ್ ಮಾಡುವುದೇ ಇಲ್ಲ. ಓಡಬೇಕಾದವನ ಕಾಲು ಕಟ್ಟಿ ಪಂದ್ಯ ನಡೆಸಿದ ಹಾಗಾಯಿತು. ಆಪ್ಟಿಮೈಸೇಶನ್‌ನ ಓ-2 ಮಟ್ಟ ಹಾಕಿದರೆ ಇಂಥ ಚಿಕ್ಕ ಫಂಕ್ಷನ್ ಸಾಮಾನ್ಯವಾಗಿ ಕರೆಯೇ ಇಲ್ಲದೆ ಕೋಡಿನೊಳಗೆ ಕರಗುತ್ತದೆ.

ಇಂಟರ್‌ವ್ಯೂ ಗೈಡ್‌ಗಳ ಮೇಲೆ ನನಗೆ ಇನ್ನೂ ಸಿಟ್ಟು. ಎಂಬೆಡೆಡ್ ಅಭ್ಯರ್ಥಿಗಳಿಗೆಂದು ನೈಜೆಲ್ ಜೋನ್ಸ್ ಬರೆದ ಪ್ರಸಿದ್ಧ ಪ್ರಶ್ನೆಗಳಲ್ಲಿ ಮಿನ್ ಮ್ಯಾಕ್ರೊ ಬರೆಯಿರಿ ಎಂಬುದೊಂದು. ಅದರ ಬೆನ್ನಿಗೇ, ಪಾಯಿಂಟರ್ ಮುಂದೆ ಸರಿಸುವ ಆರ್ಗ್ಯುಮೆಂಟ್ ಕೊಟ್ಟರೆ ಏನಾಗುತ್ತದೆ ಎಂದೂ ಅವರು ಕೇಳುತ್ತಾರೆ. ನಮ್ಮವರು ಮೊದಲರ್ಧ ಬಾಯಿಪಾಠ ಮಾಡಿಸಿ ಎರಡನೆಯದನ್ನು ನುಂಗಿದರು. ವಿಷಯ ಇದ್ದದ್ದೇ ಅಲ್ಲಿ.

ಹಾಗೆಂದು ಕಂಡಕಂಡಲ್ಲಿ ಇನ್‌ಲೈನ್ ಬರೆಯುವವರ ಪರ ನಾನಿಲ್ಲ. ಮ್ಯಾಕ್ರೊಗಿಂತ ಇನ್‌ಲೈನ್ ಮೇಲು ಎನ್ನುವ ಕರ್ನಲ್‌ನ ಕೋಡಿಂಗ್ ಶೈಲಿಯೇ, ಮೂರು ಸಾಲು ಮೀರಿದ ಫಂಕ್ಷನ್‌ಗೆ ಅದು ಬೇಡ ಎಂದೂ ಎಚ್ಚರಿಸುತ್ತದೆ: ಕೋಡ್ ಉಬ್ಬಿದರೆ ಕ್ಯಾಶ್ ಸೋಲುತ್ತದೆ. ಫೈಲಿನ ಹೆಸರು, ಸಾಲಿನ ಸಂಖ್ಯೆ, ಟೋಕನ್ ಜೋಡಣೆ, ಯಾವ ಟೈಪ್‌ಗೂ ಒಗ್ಗುವ ಕೆಲಸ ಮ್ಯಾಕ್ರೊಗೇ ಇರಲಿ. ಉಳಿದದ್ದಕ್ಕೆ ಹೆಡರ್‌ನಲ್ಲಿ ಸ್ಟ್ಯಾಟಿಕ್ ಇನ್‌ಲೈನ್. ಮೇಷ್ಟ್ರುಗಳು ‘ಮ್ಯಾಕ್ರೊದ ಅನುಕೂಲ ಬರೆಯಿರಿ’ ಎಂಬ ಪ್ರಶ್ನೆ ಕೈಬಿಟ್ಟು, ಎರಡನ್ನೂ ಓ-2ನಲ್ಲಿ ಕಂಪೈಲ್ ಮಾಡಿಸಿ ಅಸೆಂಬ್ಲಿ ಓದಿಸಲಿ.