ಸೋರೆಬುರುಡೆಯ ಮೊಸರು

ಆಫ್ರಿಕದ ದೇಶಗಳಿಗೆ ಹೊರಟವರ ಕೈಗೆ ಸಿಗುವ ಪ್ರವಾಸ ಕೈಪಿಡಿಗಳಲ್ಲಿ ಶಿಷ್ಟಾಚಾರಕ್ಕೆಂದೇ ಒಂದು ಪುಟವಿರುತ್ತದೆ. 2012ರ ಸಂಘರ್ಷದ ನಂತರ ಮಾಲಿಗೆ ಹೋಗುವವರು ಕಡಿಮೆಯಾಗಿದ್ದಾರೆ. ಆದರೆ ಆ ದೇಶದ ಪುಟ ಬದಲಾಗಿಲ್ಲ. ಎಡಗೈಯಿಂದ ಉಣ್ಣಬೇಡಿ. ಕೆಲಸದ ಮಾತಿಗೆ ಮೊದಲು ಮನೆಮಂದಿಯ ಕ್ಷೇಮ ವಿಚಾರಿಸಿ. ಚಹಾ ಮೂರು ಸುತ್ತು ಬರುತ್ತದೆ, ಅವಸರಪಡಬೇಡಿ. ಎಲ್ಲವೂ ಸರಿಯೇ. ಆದರೆ ಇದನ್ನೆಲ್ಲ ಬಾಯಿಪಾಠ ಮಾಡಿದವನೂ ಒಳ್ಳೆಯ ಅತಿಥಿಯಾಗದೆ ಹೋಗಬಹುದು. ಹೇಗೆಂದು ತಿಳಿಯಲು ನಾವು ಇಬ್ನ್ ಬತೂತನ 'ರಿಹ್ಲಾ'ದ ಕೊನೆಯ ಭಾಗವನ್ನು ಓದಬೇಕು.

1352ರಲ್ಲಿ ಆತ ಸಹಾರಾ ದಾಟಿ ಮಾಲಿ ಸಾಮ್ರಾಜ್ಯಕ್ಕೆ ಬಂದ. ಗಡಿಯ ವಲಾತಾ ಪಟ್ಟಣದ ಅಧಿಕಾರಿ ಎದುರಿಗೇ ಇದ್ದರೂ ದುಭಾಷಿಯ ಮೂಲಕ ಮಾತಾಡಿದ್ದು ಅವನಿಗೆ ಅವಮಾನವೆನಿಸಿತು. ಸೋರೆಬುರುಡೆಯಲ್ಲಿ ಸಜ್ಜೆ, ಜೇನು, ಮೊಸರು ಬೆರೆಸಿ ಕೊಟ್ಟರೆ, ಇದಕ್ಕಾಗಿಯೇ ಕರೆದರೇ ಎಂದ. ರಾಜಧಾನಿಯಲ್ಲಿ ನಿಲುವಂಗಿ, ಹಣ ನಿರೀಕ್ಷಿಸಿದ್ದವನಿಗೆ ಮನ್ಸಾ ಸುಲೈಮಾನ್ ಕಳಿಸಿದ್ದು ಮೂರು ರೊಟ್ಟಿ, ಹುರಿದ ದನದ ಮಾಂಸದ ತುಂಡು, ಒಂದು ಬುರುಡೆ ಮೊಸರು. ಆತ ನಕ್ಕುಬಿಟ್ಟ. ಮುಂದೆ ದರ್ಬಾರಿನಲ್ಲಿ, ಬೇರೆ ಸುಲ್ತಾನರಿಗೆ ನಿಮ್ಮ ಬಗ್ಗೆ ಏನೆಂದು ಹೇಳಲಿ ಎಂದು ಕೇಳಿಯೇ ಮನೆ, ಭತ್ಯೆ ಪಡೆದ.

ಸುಲೈಮಾನ್ ಜಿಪುಣನೆಂದು ಅಲ್ಲಿನ ಪ್ರಜೆಗಳೇ ಬೇಸರಪಟ್ಟಿದ್ದರೆಂದು ಆತ ಬರೆಯುತ್ತಾನೆ. ಇರಬಹುದು. ಆದರೆ ಅವನ ಕೈಯಲ್ಲಿದ್ದ ತಕ್ಕಡಿ ದಿಲ್ಲಿಯದು. ಮುಹಮ್ಮದ್ ಬಿನ್ ತುಘಲಕನ ಬಳಿ ಖಾಝಿಯಾಗಿದ್ದು ಹೇರಳ ಉಡುಗೊರೆ ಕಂಡವನು ಆತ. ಮಾಂಡೆ ಜನರಲ್ಲಿ ದೊಡ್ಡವರ ಮಾತನ್ನು 'ಜೆಲಿ' ಎತ್ತಿ ಹೇಳುವುದು ಘನತೆಯ ಲಕ್ಷಣವೆಂಬುದು ಆ ತಕ್ಕಡಿಯಲ್ಲಿ ತೂಗಲಿಲ್ಲ.

ಅದೇ ಪುಸ್ತಕದಲ್ಲಿ ಮಾಲಿಯ ಒಳ್ಳೆಯ ಗುಣಗಳ ಪಟ್ಟಿಯೂ ಇದೆ. ಅಲ್ಲಿ ಅನ್ಯಾಯ ಕಡಿಮೆ, ಪ್ರಯಾಣಿಕನಿಗೆ ಕಳ್ಳರ ಭಯವಿಲ್ಲ. ಪರದೇಶಿಯೊಬ್ಬ ಸತ್ತರೆ ಅವನ ಸೊತ್ತು ಎಷ್ಟೇ ಇದ್ದರೂ ಯಾರೂ ಕಬಳಿಸುವುದಿಲ್ಲ. ವಾರಸುದಾರ ಬರುವವರೆಗೆ ನಂಬಿಕಸ್ಥನೊಬ್ಬನ ಬಳಿ ಇರಿಸುತ್ತಾರೆ. ಸತ್ತ ಅತಿಥಿಯ ಗಂಟನ್ನೂ ಕಾಯುವ ನಾಡಿಗಿಂತ ದೊಡ್ಡ ಮೆಹಮಾನ್ ನವಾಝಿ ಯಾವುದು? ಇಬ್ನ್ ಬತೂತ ಇದನ್ನು ಪ್ರಾಮಾಣಿಕವಾಗಿ ದಾಖಲಿಸಿದ, ಆದರೆ ಸತ್ಕಾರದ ಲೆಕ್ಕಕ್ಕೆ ಸೇರಿಸಲಿಲ್ಲ.

ಇಂದಿನ ಕೈಪಿಡಿಗಳ ಕೊರತೆಯೂ ಇದೇ. ಪ್ರವಾಸಿ ಏನು ಮಾಡಬೇಕೆಂದು ಹೇಳುತ್ತವೆ. ಮನೆಯವರು ಆಗಲೇ ಏನು ಕೊಟ್ಟಿದ್ದಾರೆಂದು ಹೇಳುವುದಿಲ್ಲ. ಮಾಲಿಯಲ್ಲಿ ಪರದೇಶಿಗೆ ತಮ್ಮದೇ ಕುಲನಾಮವೊಂದನ್ನು ಕೊಡುವುದುಂಟು. ಆಮೇಲೆ ಪರಿಹಾಸ್ಯದ ಸಲಿಗೆಯಿರುವ ಇನ್ನೊಂದು ಕುಲದವರು ಅವನನ್ನು ಅಲಸಂದೆ ತಿನ್ನುವವನೆಂದು ಛೇಡಿಸುತ್ತಾರೆ. ಅವನನ್ನು ನೆಂಟಸ್ತಿಕೆಯೊಳಗೆ ಸೇರಿಸಿಕೊಂಡ ಗುರುತು ಅದು. ತಮಾಷೆಗೆ ಬೇಸರಿಸಬೇಡಿ ಎಂದಷ್ಟೇ ಬರೆದ ಕೈಪಿಡಿ ಓದುಗನನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ.